ಆರಿದ್ರಾ ನಕ್ಷತ್ರ ಸಿಡಿಯುವ ದಿನ ಯಾಕೆ ಹೇಳೋಕಾಗಲ್ಲ?

ಚಳಿಗಾಲ ಶುರುವಾಯ್ತು ಅಂದ್ರೆ ಫೋನಿಗೆ ಒಂದು ಸಂದೇಶ ಬಂದೇ ಬರುತ್ತದೆ. ಆಕಾಶದಲ್ಲಿ ದೊಡ್ಡ ಕೆಂಪು ನಕ್ಷತ್ರವೊಂದು ಇನ್ನೇನು ಸಿಡಿಯಲಿದೆ, ಕೆಲವು ವಾರ ಎರಡು ಸೂರ್ಯರು ಕಾಣುತ್ತಾರೆ, ರಾತ್ರಿಯೇ ಇರೋದಿಲ್ಲ ಅಂತೆಲ್ಲಾ ಅದರಲ್ಲಿ ಬರೆದಿರುತ್ತದೆ. ಆ ನಕ್ಷತ್ರದ ಹೆಸರು ಬೀಟಲ್‌ಜ್ಯೂಸ್. ನಮ್ಮ ಪಂಚಾಂಗದಲ್ಲಿ ಅದು ಆರ್ದ್ರಾ, ಮಂಡ್ಯದ ರೈತರ ಬಾಯಲ್ಲಿ ಆರಿದ್ರಾ. ಮದ್ದೂರು ಕಡೆಯ ನಮ್ಮ ನೆಂಟರೊಬ್ಬರು ಈ ಸಂದೇಶ ಓದಿ ಕೇಳಿದ್ದು ಒಂದೇ ಮಾತು: "ಅಲ್ಲ ಕಣಪ್ಪ, ಆರಿದ್ರಾ ನಕ್ಷತ್ರನೇ ಸಿಡಿದೋದ್ರೆ ಆರಿದ್ರಾ ಮಳೆ ಗತಿ ಏನು?"

ಬಹಳ ಒಳ್ಳೆ ಪ್ರಶ್ನೆ. ಆದ್ದರಿಂದ ಮೊದಲು ಅದಕ್ಕೇ ಉತ್ತರ ಹೇಳಿ ಮುಂದೆ ಹೋಗೋಣ. ಆಮೇಲೆ ದೊಡ್ಡ ಪ್ರಶ್ನೆ ಇದೆ. ಈ ನಕ್ಷತ್ರ ಸಿಡಿಯುವುದು ಖಂಡಿತ ಅಂತ ವಿಜ್ಞಾನಿಗಳು ಹೇಳುತ್ತಾರೆ. ಯಾವಾಗ ಅಂತ ಕೇಳಿದರೆ ಮಾತ್ರ "ನಾಳೆಯೂ ಆಗಬಹುದು, ಒಂದು ಲಕ್ಷ ವರ್ಷ ಬಿಟ್ಟೂ ಆಗಬಹುದು" ಅನ್ನುತ್ತಾರೆ. ಇದು ಜಾರಿಕೊಳ್ಳುವ ಉತ್ತರ ಅಲ್ಲ. ಹಾಗೆ ಹೇಳಲು ಗಟ್ಟಿ ಕಾರಣ ಇದೆ. ಆ ಕಾರಣ ನಕ್ಷತ್ರದ ಹೊಟ್ಟೆಯೊಳಗಿದೆ.

ಮಳೆಗೂ ನಕ್ಷತ್ರಕ್ಕೂ ಏನು ಸಂಬಂಧ?

ಸೂರ್ಯ ವರ್ಷವಿಡೀ ಆಕಾಶದಲ್ಲಿ ಸಾಗುವ ದಾರಿಯನ್ನು ನಮ್ಮ ಹಿಂದಿನವರು 27 ಪಾಲು ಮಾಡಿ, ಒಂದೊಂದಕ್ಕೆ ಒಂದೊಂದು ನಕ್ಷತ್ರದ ಹೆಸರಿಟ್ಟರು. ಜೂನ್ ಕೊನೆಯ ವಾರದಿಂದ ಸುಮಾರು ಹದಿನಾಲ್ಕು ದಿನ ಸೂರ್ಯ ಆರಿದ್ರಾ ಪಾಲಿನಲ್ಲಿರುತ್ತಾನೆ. ಆ ದಿನಗಳಲ್ಲಿ ಬರುವ ಮಳೆಯೇ ಆರಿದ್ರಾ ಮಳೆ. "ಆದರೆ ಆರಿದ್ರ, ಇಲ್ಲದಿದ್ದರೆ ದರಿದ್ರ" ಅನ್ನುವ ಮಾತು ನಮ್ಮ ಕಡೆ ಎಲ್ಲರಿಗೂ ಗೊತ್ತು. ಅಂದರೆ ಇಲ್ಲಿ ನಕ್ಷತ್ರದ ಹೆಸರು ಒಂದು ತಾರೀಕಿನ ಗುರುತು. ಮಳೆ ತರುವುದು ಅರಬ್ಬಿ ಸಮುದ್ರದ ಕಡೆಯಿಂದ ಬರುವ ಮುಂಗಾರು ಗಾಳಿ. ನಕ್ಷತ್ರ ಸಿಡಿದರೂ ಸೂರ್ಯನ ದಾರಿ ಬದಲಾಗದು, ಮುಂಗಾರು ನಿಲ್ಲದು, ಪಂಚಾಂಗವೂ ಕೆಡದು.

ಇನ್ನೊಂದು ವಿಷಯ ಕೇಳಿದರೆ ಆಶ್ಚರ್ಯ ಆಗಬಹುದು. ಆರಿದ್ರಾ ಮಳೆ ಬೀಳುವ ದಿನಗಳಲ್ಲಿ ಆರಿದ್ರಾ ನಕ್ಷತ್ರ ನಮಗೆ ಕಾಣಿಸುವುದೇ ಇಲ್ಲ. ಆಗ ಅದು ಸೂರ್ಯನ ಪಕ್ಕದಲ್ಲೇ ಇದ್ದು, ಅವನ ಜೊತೆಗೇ ಹುಟ್ಟಿ ಅವನ ಜೊತೆಗೇ ಮುಳುಗುತ್ತದೆ.

ನೋಡಬೇಕು ಅಂದರೆ ಡಿಸೆಂಬರಿನಿಂದ ಮಾರ್ಚ್‌ವರೆಗಿನ ಸಂಜೆಗಳೇ ಸರಿ. ಫೆಬ್ರವರಿಯಲ್ಲಿ ರಾತ್ರಿ ಊಟ ಮುಗಿಸಿ ಮಹಡಿ ಮೇಲೆ ಹೋಗಿ ನೆತ್ತಿಯ ಕಡೆ ನೋಡಿ. ಒಂದೇ ಸಾಲಿನಲ್ಲಿ ಒತ್ತೊತ್ತಾಗಿ ಮೂರು ಚುಕ್ಕಿ ಕಾಣುತ್ತವೆ. ಅದು ಮಹಾವ್ಯಾಧ (ಓರಿಯನ್) ಅನ್ನುವ ನಕ್ಷತ್ರಪುಂಜದ ಸೊಂಟ. ಅದರ ಉತ್ತರಕ್ಕೆ, ಕೆಂಡದ ಬಣ್ಣದಲ್ಲಿ ಹೊಳೆಯುವುದು ಆರಿದ್ರಾ. ದಕ್ಷಿಣಕ್ಕೆ ಅಷ್ಟೇ ದೂರದಲ್ಲಿ ನೀಲಿ ಬೆರೆತ ಬಿಳುಪಿನಲ್ಲಿ ಹೊಳೆಯುವುದು ರೈಜಲ್. ಮೈಸೂರು, ಮಂಡ್ಯ ಇರುವುದು ಸುಮಾರು 12 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಹಾಗಾಗಿ ಆರಿದ್ರಾ ಹೆಚ್ಚೂಕಡಿಮೆ ನಮ್ಮ ತಲೆ ಮೇಲೆಯೇ ಹಾದು ಹೋಗುತ್ತದೆ. ನಗರದ ಬೆಳಕಿನಲ್ಲೂ ಚೆನ್ನಾಗಿ ಕಾಣುತ್ತದೆ. ವಿ.ಸಿ. ನಾಲೆ ಏರಿಯಂಥ ಕತ್ತಲ ಜಾಗದಲ್ಲಿ ನಿಂತು ಆರಿದ್ರಾ, ರೈಜಲ್ ಎರಡನ್ನೂ ಒಂದಾದ ಮೇಲೊಂದು ನೋಡಿದರೆ ಬಣ್ಣದ ವ್ಯತ್ಯಾಸ ಎದ್ದು ಕಾಣುತ್ತದೆ. ಈ ಬಣ್ಣದಲ್ಲೇ ನಮ್ಮ ಕಥೆ ಇದೆ.

ನಕ್ಷತ್ರ ಉರಿಯುವುದು ಅಂದರೇನು?

ನಕ್ಷತ್ರ ಅಂದರೆ ಬಹುಪಾಲು ಹೈಡ್ರೋಜನ್ ಅನಿಲದ ಮಹಾ ಗುಡ್ಡೆ. ಅಷ್ಟೊಂದು ಅನಿಲ ತನ್ನದೇ ಭಾರಕ್ಕೆ ಒಳಗೆ ಕುಸಿಯಲು ನೋಡುತ್ತದೆ. ಆ ಒತ್ತಡಕ್ಕೆ ನಡುಭಾಗ ಕೋಟಿಗಟ್ಟಲೆ ಡಿಗ್ರಿ ಬಿಸಿಯಾಗುತ್ತದೆ. ಅಲ್ಲಿ ನಾಲ್ಕು ಹೈಡ್ರೋಜನ್ ಪರಮಾಣುಗಳ ಬೀಜಗಳು ಬೆಸೆದುಕೊಂಡು ಒಂದು ಹೀಲಿಯಂ ಬೀಜ ಆಗುತ್ತದೆ. ನಾಲ್ಕರ ತೂಕಕ್ಕಿಂತ ಆ ಒಂದರ ತೂಕ ಕೊಂಚ ಕಡಿಮೆ, ಶೇಕಡ 0.7ರಷ್ಟು. ಆ ಕಡಿಮೆಯಾದ ತೂಕವೇ ಶಕ್ತಿಯಾಗಿ ಹೊರಬರುತ್ತದೆ.

ಭಾರ ಒಳಗೆ ತಳ್ಳುತ್ತದೆ, ಒಳಗಿನ ಬಿಸಿ ಹೊರಗೆ ತಳ್ಳುತ್ತದೆ. ಎರಡೂ ಸರಿಸಮ ಇರುವವರೆಗೆ ನಕ್ಷತ್ರ ಇದ್ದ ಹಾಗೇ ಇರುತ್ತದೆ. ನಕ್ಷತ್ರದ ಇಡೀ ಬದುಕು ಈ ತಳ್ಳಾಟವೇ. ಮುಂದೆ ನಾವು ನೋಡುವ ಊತ, ಕುಸಿತ, ಸಿಡಿತ ಎಲ್ಲವೂ ಈ ಸಮ ತಪ್ಪಿದಾಗ ಆಗುವಂಥವು.

ಇಂಧನ ಜಾಸ್ತಿ ಇದ್ದರೆ ಜಾಸ್ತಿ ಕಾಲ ಬಾಳಬೇಕು ಅಲ್ವಾ? ನಕ್ಷತ್ರಗಳಲ್ಲಿ ಹಾಗಲ್ಲ. ತೂಕ ಹೆಚ್ಚಿದಷ್ಟೂ ಒಳಗಿನ ಒತ್ತಡ ಹೆಚ್ಚು, ಬಿಸಿ ಹೆಚ್ಚು, ಇಂಧನ ಖರ್ಚಾಗುವ ವೇಗ ಅದಕ್ಕಿಂತಲೂ ಬಹಳ ಹೆಚ್ಚು. ನಮ್ಮ ಸೂರ್ಯನ ಆಯಸ್ಸು ಸುಮಾರು 1,000 ಕೋಟಿ ವರ್ಷ. ಆರಿದ್ರಾದ ತೂಕ ಸೂರ್ಯನ ತೂಕದ 15ರಿಂದ 20 ಪಟ್ಟು ಅಂತ ಅಂದಾಜು. ಅದು ಹುಟ್ಟಿ ಹೆಚ್ಚೆಂದರೆ ಒಂದು ಕೋಟಿ ವರ್ಷ ಆಗಿದೆ, ಆಗಲೇ ಕೊನೆಗಾಲಕ್ಕೆ ಬಂದಿದೆ. ಭೂಮಿಯಲ್ಲಿ ಡೈನೋಸಾರ್‌ಗಳು ಅಳಿದದ್ದು 6.6 ಕೋಟಿ ವರ್ಷದ ಹಿಂದೆ. ಆಗಿನ್ನೂ ಈ ನಕ್ಷತ್ರ ಹುಟ್ಟಿರಲಿಲ್ಲ.

ಊದಿಕೊಳ್ಳುವುದು ಯಾಕೆ, ಕೆಂಪಾಗುವುದು ಯಾಕೆ?

ನಕ್ಷತ್ರದ ನಟ್ಟನಡುವಿನ ಭಾಗವನ್ನು ಇಲ್ಲಿ ತಿರುಳು ಅಂತ ಕರೆಯೋಣ. ಒಂದು ದಿನ ತಿರುಳಿನಲ್ಲಿರುವ ಹೈಡ್ರೋಜನ್ ಮುಗಿಯುತ್ತದೆ. ಅಲ್ಲಿ ಉಳಿಯುವುದು ಹೀಲಿಯಂ. ಹೊರಗೆ ತಳ್ಳುವ ಬಲ ಕುಗ್ಗುತ್ತದೆ, ಭಾರ ಗೆಲ್ಲುತ್ತದೆ, ತಿರುಳು ಕುಗ್ಗಲು ಶುರುವಾಗುತ್ತದೆ. ಕುಗ್ಗಿದರೆ ಇನ್ನೂ ಬಿಸಿಯಾಗುತ್ತದೆ. ಆ ಬಿಸಿಗೆ ತಿರುಳಿನ ಸುತ್ತ ಉಳಿದಿದ್ದ ಹೈಡ್ರೋಜನ್ ಒಂದು ಪದರವಾಗಿ ಹೊತ್ತಿಕೊಳ್ಳುತ್ತದೆ. ಆ ಪದರದಿಂದ ನುಗ್ಗುವ ಶಕ್ತಿ ಮೇಲಿನ ಅನಿಲವನ್ನೆಲ್ಲ ಹೊರಕ್ಕೆ ನೂಕುತ್ತದೆ. ಒಳಭಾಗ ಚಿಕ್ಕದಾಗುತ್ತಾ ಹೋಗುತ್ತದೆ, ಹೊರಭಾಗ ಊದುತ್ತಾ ಹೋಗುತ್ತದೆ. ಒಂದೇ ನಕ್ಷತ್ರ ಎರಡು ದಿಕ್ಕಿಗೆ ಹೊರಟ ಹಾಗೆ. ಈ ಮಾತು ನೆನಪಿರಲಿ, ಮುಂದೆ ಬಹಳ ಬೇಕಾಗುತ್ತದೆ.

ಮೈ ಅಷ್ಟು ದೊಡ್ಡದಾದಾಗ ಹೊರಬರುವ ಶಕ್ತಿ ಅಗಾಧವಾದ ಜಾಗದಲ್ಲಿ ಹಂಚಿಹೋಗುತ್ತದೆ. ಹಾಗಾಗಿ ಮೇಲ್ಮೈ ತಣಿಯುತ್ತದೆ. ಸೂರ್ಯನ ಮೇಲ್ಮೈ ಸುಮಾರು 5,500 ಡಿಗ್ರಿ ಸೆಲ್ಸಿಯಸ್. ಆರಿದ್ರಾದ್ದು ಸುಮಾರು 3,300. ಬಿಸಿ ಕಮ್ಮಿಯಾದಂತೆ ಬಣ್ಣ ಕೆಂಪಿಗೆ ತಿರುಗುತ್ತದೆ. ರೈಜಲ್ ನೀಲಿಯಾಗಿ ಕಾಣಲು ಅದರ ಮೇಲ್ಮೈ ಸುಮಾರು 12,000 ಡಿಗ್ರಿ ಇರುವುದೇ ಕಾರಣ.

ಇಂಥ ನಕ್ಷತ್ರವನ್ನೇ ಕೆಂಪು ಮಹಾದೈತ್ಯ ಅನ್ನುವುದು. ಕೆಂಪಾಗಿ ಕಂಡದ್ದೆಲ್ಲ ಮಹಾದೈತ್ಯ ಅಲ್ಲ. ಆರಿದ್ರಾದಿಂದ ಸ್ವಲ್ಪ ದೂರದಲ್ಲೇ ಕಾಣುವ ರೋಹಿಣಿಯೂ ಕೆಂಪು ಛಾಯೆಯದ್ದೇ. ಅದು ಬರೀ ದೈತ್ಯ. ಅದರ ತೂಕ ಸೂರ್ಯನಿಗಿಂತ ಸ್ವಲ್ಪ ಹೆಚ್ಚು ಅಷ್ಟೇ, ಅದು ಸಿಡಿಯುವುದಿಲ್ಲ. ಸುಮಾರು 500 ಕೋಟಿ ವರ್ಷ ಕಳೆದ ಮೇಲೆ ನಮ್ಮ ಸೂರ್ಯನಿಗೂ ಅದೇ ಗತಿ. ಮಹಾದೈತ್ಯ ಆಗಬೇಕಾದರೆ ಹುಟ್ಟುವಾಗಲೇ ಸೂರ್ಯನ ಎಂಟು ಪಟ್ಟಿಗಿಂತ ಹೆಚ್ಚು ತೂಕ ಇರಬೇಕು.

ಆರಿದ್ರಾ ಎಷ್ಟು ದೊಡ್ಡದು? ಅದನ್ನು ತಂದು ಸೂರ್ಯನ ಜಾಗದಲ್ಲಿ ಇಟ್ಟರೆ ಬುಧ, ಶುಕ್ರ, ಭೂಮಿ, ಮಂಗಳ ಎಲ್ಲವೂ ಅದರ ಹೊಟ್ಟೆಯೊಳಗೆ ಸೇರಿಹೋಗುತ್ತವೆ. ಅಡ್ಡಳತೆ ಸೂರ್ಯನ 700 ಪಟ್ಟಿಗೂ ಹೆಚ್ಚು. ಹೊಮ್ಮಿಸುವ ಬೆಳಕು ಸೂರ್ಯನದಕ್ಕಿಂತ ಹೆಚ್ಚೂಕಡಿಮೆ ಒಂದು ಲಕ್ಷ ಪಟ್ಟು. ಇಷ್ಟಾದರೂ ಅದರ ಹೊರಭಾಗ ಎಷ್ಟು ತೆಳು ಅಂದರೆ, ನಾವು ಉಸಿರಾಡುವ ಗಾಳಿಗಿಂತ ಸಾವಿರಾರು ಪಟ್ಟು ತೆಳು. ಗಟ್ಟಿ ಇರುವುದೆಲ್ಲ ನಡುವಿನ ಚಿಕ್ಕ ತಿರುಳಿನಲ್ಲಿ.

ಸೂರ್ಯನನ್ನು ಬಿಟ್ಟರೆ ಮನುಷ್ಯರು ಅಡ್ಡಳತೆ ಅಳೆದ ಮೊದಲ ನಕ್ಷತ್ರವೂ ಇದೇ. 1920ರ ಡಿಸೆಂಬರಿನಲ್ಲಿ ಅಮೆರಿಕದ ಮೌಂಟ್ ವಿಲ್ಸನ್ ವೀಕ್ಷಣಾಲಯದಲ್ಲಿ ಆಲ್ಬರ್ಟ್ ಮೈಕೆಲ್ಸನ್ ಮತ್ತು ಫ್ರಾನ್ಸಿಸ್ ಪೀಸ್ ಅದನ್ನು ಅಳೆದರು.

ಕುದಿಯುವ ಮೈ, ಮಂಕಾದ ಮುಖ

ಆಲೆಮನೆಯಲ್ಲಿ ಕೊಪ್ಪರಿಗೆ ಪಕ್ಕ ನಿಂತು ನೋಡಿದವರಿಗೆ ಈ ಭಾಗ ಸಲೀಸಾಗಿ ಅರ್ಥವಾಗುತ್ತದೆ. ಒಲೆ ಜೋರಾದ ಮೇಲೆ ಕಬ್ಬಿನ ಹಾಲು ಸುಮ್ನೆ ಬಿಸಿಯಾಗುತ್ತಾ ಕೂರುವುದಿಲ್ಲ. ತಳದಲ್ಲಿ ಕಾದದ್ದು ಗುಳ್ಳೆ ಗುಳ್ಳೆಯಾಗಿ ಮೇಲೆ ನುಗ್ಗುತ್ತದೆ, ಮೇಲೆ ಬಂದು ತಣಿದದ್ದು ಅಂಚಿನ ಕಡೆ ಸರಿದು ಮತ್ತೆ ಕೆಳಗಿಳಿಯುತ್ತದೆ. ನಕ್ಷತ್ರದ ಹೊರಭಾಗದಲ್ಲೂ ಆಗುವುದು ಇದೇ. ಒಳಗಿನ ಬಿಸಿ ಅನಿಲ ಏಳುತ್ತದೆ, ತಣಿದದ್ದು ಇಳಿಯುತ್ತದೆ. ಸೂರ್ಯನ ಮೇಲೆ ಇಂಥ ಒಂದೊಂದು ಗುಳ್ಳೆಯೂ ಸುಮಾರು ಸಾವಿರ ಕಿಲೋಮೀಟರ್ ಅಗಲ. ಅವು ಲಕ್ಷಗಟ್ಟಲೆ ಇರುವುದರಿಂದ ಒಂದು ಎದ್ದರೂ ಬಿದ್ದರೂ ಒಟ್ಟು ಬೆಳಕಿನಲ್ಲಿ ಗೊತ್ತಾಗುವುದಿಲ್ಲ. ಆರಿದ್ರಾದ ಮೇಲೆ ಹಾಗಲ್ಲ. ಅಲ್ಲಿ ದೊಡ್ಡ ಗುಳ್ಳೆಗಳು ಕೆಲವೇ ಕೆಲವು, ಒಂದೊಂದೂ ನಕ್ಷತ್ರದ ಮೈಯ ದೊಡ್ಡ ಪಾಲನ್ನೇ ಆವರಿಸುವಷ್ಟು. ಜೊತೆಗೆ ಅಷ್ಟು ದೂರದ ಮೇಲ್ಮೈಯನ್ನು ಹಿಡಿದಿಡುವ ಗುರುತ್ವವೂ ದುರ್ಬಲ. ಹಾಗಾಗಿ ಒಂದು ದೊಡ್ಡ ಗುಳ್ಳೆ ಎದ್ದರೆ ಅನಿಲ ತುಳುಕಿ ಹೊರಗೇ ಹೋಗಿಬಿಡುತ್ತದೆ.

2019ರ ಕೊನೆಯಲ್ಲಿ ಆದದ್ದು ಇಂಥದ್ದೇ. ಆ ಡಿಸೆಂಬರಿನಲ್ಲಿ ಅಮೆರಿಕದ ವಿಲ್ಲನೋವಾ ವಿಶ್ವವಿದ್ಯಾಲಯದ ಎಡ್ವರ್ಡ್ ಗಿನನ್ ಮತ್ತು ಜೊತೆಗಾರರು ಆರಿದ್ರಾ ಮಂಕಾಗುತ್ತಿದೆ ಅಂತ ಪ್ರಕಟಿಸಿದರು. 2020ರ ಫೆಬ್ರವರಿ ಹೊತ್ತಿಗೆ ಅದರ ಬೆಳಕು ಮಾಮೂಲಿಗಿಂತ ಮೂರರಲ್ಲಿ ಒಂದು ಪಾಲಿನ ಆಸುಪಾಸಿಗೆ ಇಳಿದಿತ್ತು. ಬರಿಗಣ್ಣಿಗೇ ಗೊತ್ತಾಗುವಷ್ಟು. ಇನ್ನೇನು ಸಿಡಿಯುತ್ತದೆ ಅನ್ನುವ ಸುದ್ದಿ ಜಗತ್ತಿನಾದ್ಯಂತ ಹಬ್ಬಿದ್ದು ಆಗಲೇ. ನಕ್ಷತ್ರ ಏಪ್ರಿಲ್-ಮೇ ಹೊತ್ತಿಗೆ ಮತ್ತೆ ಮೊದಲಿನ ಹಾಗೇ ಬೆಳಗತೊಡಗಿತು. ಚಿಲಿಯ ದೊಡ್ಡ ದೂರದರ್ಶಕದಲ್ಲಿ ತೆಗೆದ ಚಿತ್ರಗಳಲ್ಲಿ ನಕ್ಷತ್ರದ ದಕ್ಷಿಣ ಭಾಗ ಮಾತ್ರ ಕಪ್ಪಿಟ್ಟಿತ್ತು. ನಕ್ಷತ್ರ ಹೊರಕ್ಕೆ ಉಗುಳಿದ್ದ ಅನಿಲ ತಣಿದು ದೂಳಾಗಿ ನಮ್ಮ ಕಣ್ಣಿಗೆ ಅಡ್ಡ ನಿಂತಿತ್ತು, ಮೇಲ್ಮೈಯ ಒಂದು ಭಾಗವೂ ಆಗ ತಣ್ಣಗಾಗಿತ್ತು ಅಂತ 2021ರಲ್ಲಿ ವಿವರಣೆ ಬಂತು.

ಅದಲ್ಲದೆ ಆರಿದ್ರಾದ ಹೊಳಪು ಸುಮಾರು 400 ದಿನಕ್ಕೊಮ್ಮೆ ಏರಿಳಿಯುತ್ತದೆ. ಅದು ನಕ್ಷತ್ರ ಉಬ್ಬಿ ಇಳಿಯುವ ಲಯ. ಸುಮಾರು ಆರು ವರ್ಷದ ಇನ್ನೊಂದು ಏರಿಳಿತವೂ ಇದೆ. ಅದಕ್ಕೆ ಪಕ್ಕದಲ್ಲೇ ಸುತ್ತುವ ಚಿಕ್ಕ ಸಂಗಾತಿ ನಕ್ಷತ್ರ ಕಾರಣ ಇರಬಹುದು ಅಂತ 2024ರಲ್ಲಿ ಲೆಕ್ಕ ಹಾಕಿದ್ದರು. 2025ರಲ್ಲಿ ಹವಾಯಿಯ ಜೆಮಿನಿ ನಾರ್ತ್ ದೂರದರ್ಶಕದ ಚಿತ್ರಗಳಲ್ಲಿ ಅಂಥದ್ದೊಂದು ಮಸುಕಾಗಿ ಕಂಡಿತು.

ಇದೆಲ್ಲ ಮೇಲ್ಮೈಯ ಆಟ. ಸಿಡಿತಕ್ಕೂ ಇದಕ್ಕೂ ನೇರ ನಂಟಿಲ್ಲ. ಸಿಡಿತ ನಿರ್ಧಾರವಾಗುವುದು ಒಳಗೆ.

ಒಳಗಿನ ಆತುರ

ತಿರುಳು ಕುಗ್ಗುತ್ತಾ ಕುಗ್ಗುತ್ತಾ ಹತ್ತಿಪ್ಪತ್ತು ಕೋಟಿ ಡಿಗ್ರಿ ಮುಟ್ಟಿದಾಗ ಹೀಲಿಯಂ ಹೊತ್ತಿಕೊಳ್ಳುತ್ತದೆ. ಮೂರು ಹೀಲಿಯಂ ಸೇರಿ ಒಂದು ಕಾರ್ಬನ್ ಆಗುತ್ತದೆ, ಅದಕ್ಕೆ ಇನ್ನೊಂದು ಸೇರಿದರೆ ಆಮ್ಲಜನಕ. ಹೀಲಿಯಂ ಮುಗಿದರೆ ಮತ್ತೆ ಕುಗ್ಗುವಿಕೆ, ಮತ್ತೆ ಬಿಸಿ, ಆಗ ಕಾರ್ಬನ್ ಉರಿಯುತ್ತದೆ. ಆಮೇಲೆ ನಿಯಾನ್, ಆಮ್ಲಜನಕ, ಕೊನೆಗೆ ಸಿಲಿಕಾನ್. ಒಂದರ ಬೂದಿ ಮುಂದಿನದಕ್ಕೆ ಸೌದೆ. ಹಳೇ ಇಂಧನಗಳು ಹೊರಗಿನ ಪದರಗಳಲ್ಲಿ ಉರಿಯುತ್ತಲೇ ಇರುತ್ತವೆ.

ಈಗ ಕಾಲದ ಲೆಕ್ಕ ನೋಡಿ. ಸೂರ್ಯನ 25 ಪಟ್ಟು ತೂಕದ ನಕ್ಷತ್ರಕ್ಕೆ ಮಾಡಿರುವ ಲೆಕ್ಕ ಇದು. ಹೈಡ್ರೋಜನ್ ಸುಮಾರು 70 ಲಕ್ಷ ವರ್ಷ ಬರುತ್ತದೆ. ಹೀಲಿಯಂ 5ರಿಂದ 7 ಲಕ್ಷ ವರ್ಷ. ಕಾರ್ಬನ್ ಬರೀ 600 ವರ್ಷ. ನಿಯಾನ್ ಒಂದು ವರ್ಷ. ಆಮ್ಲಜನಕ ಆರು ತಿಂಗಳು. ಸಿಲಿಕಾನ್ ಒಂದೇ ದಿನ.

ಇಷ್ಟು ಆತುರ ಯಾಕೆ? ಎರಡು ಕಾರಣ. ಮೊದಲನೆಯದು, ಭಾರವಾದ ಇಂಧನದಿಂದ ಸಿಗುವ ಶಕ್ತಿಯೇ ಕಡಿಮೆ. ಹೈಡ್ರೋಜನ್ ಹೀಲಿಯಂ ಆಗುವಾಗ ಸಿಕ್ಕಷ್ಟು ಲಾಭ ಆಮೇಲೆ ಯಾವುದರಲ್ಲೂ ಇಲ್ಲ. ಎರಡನೆಯದು ನ್ಯೂಟ್ರಿನೊ. ಇದು ಹೆಚ್ಚೂಕಡಿಮೆ ತೂಕವೇ ಇಲ್ಲದ, ಯಾವುದಕ್ಕೂ ತಾಗದೆ ತೂರಿಹೋಗುವ ಕಣ. ಬೆಳಕು ನಕ್ಷತ್ರದ ಒಳಗಿನಿಂದ ಹೊರಗೆ ಬರಲು ಬಹಳ ಕಾಲ ತಡಕಾಡಬೇಕು. ನ್ಯೂಟ್ರಿನೊ ನೇರ ಹೊರಟುಬಿಡುತ್ತದೆ. ಕಾರ್ಬನ್ ಉರಿಯುವಷ್ಟು ಬಿಸಿಯಾದ ಮೇಲೆ ತಿರುಳಿನ ಶಕ್ತಿಯಲ್ಲಿ ಬಹುಪಾಲು ನ್ಯೂಟ್ರಿನೊಗಳ ಜೊತೆ ಸೋರಿಹೋಗುತ್ತದೆ. ಸೋರಿದ್ದನ್ನು ತುಂಬಿಕೊಳ್ಳಲು ತಿರುಳು ಇನ್ನೂ ಬೇಗ ಬೇಗ ಉರಿಯಬೇಕು.

ಸಿಲಿಕಾನ್ ಉರಿದು ಕೊನೆಗೆ ಉಳಿಯುವುದು ಕಬ್ಬಿಣ. ಪರಮಾಣು ಬೀಜಗಳಲ್ಲಿ ಕಬ್ಬಿಣದ ಗುಂಪಿನವು ಎಲ್ಲಕ್ಕಿಂತ ಬಿಗಿಯಾಗಿ ಕಟ್ಟಿಕೊಂಡವು. ಅವನ್ನು ಬೆಸೆದರೆ ಶಕ್ತಿ ಸಿಗುವುದಿಲ್ಲ, ನಾವೇ ಕೊಡಬೇಕಾಗುತ್ತದೆ. ಇಂಧನದ ಸರಪಳಿ ಅಲ್ಲಿಗೆ ಮುಗಿಯಿತು.

ಒಂದು ಸೆಕೆಂಡಿನ ಕುಸಿತ

ಹೆಚ್ಚೂಕಡಿಮೆ ಭೂಮಿಯಷ್ಟು ಗಾತ್ರದ ಆ ಕಬ್ಬಿಣದ ತಿರುಳನ್ನು ಕೊಂಚ ಹೊತ್ತು ಎಲೆಕ್ಟ್ರಾನುಗಳು ಹೊತ್ತಿರುತ್ತವೆ. ಅವನ್ನು ಒಂದು ಹಂತಕ್ಕಿಂತ ಹತ್ತಿರ ಒತ್ತಲು ಆಗುವುದಿಲ್ಲ, ತಿರುಗಿ ತಳ್ಳುತ್ತವೆ. ಈ ತಳ್ಳುವ ಬಲಕ್ಕೂ ಒಂದು ಮಿತಿ ಇದೆ ಅಂತ ತೋರಿಸಿದವರು ಸುಬ್ರಹ್ಮಣ್ಯನ್ ಚಂದ್ರಶೇಖರ್. 1930ರಲ್ಲಿ, ಇನ್ನೂ ಇಪ್ಪತ್ತು ತುಂಬದ ಹುಡುಗ, ಓದಲು ಇಂಗ್ಲೆಂಡಿಗೆ ಹಡಗಿನಲ್ಲಿ ಹೋಗುತ್ತಾ ಈ ಲೆಕ್ಕಕ್ಕೆ ಕೈಹಾಕಿದರು. ಸೂರ್ಯನ ಸುಮಾರು 1.4 ಪಟ್ಟು ತೂಕ ದಾಟಿದರೆ ಎಲೆಕ್ಟ್ರಾನುಗಳ ಕೈಯಲ್ಲಿ ಹೊರಲು ಆಗದು. 1983ರಲ್ಲಿ ಅವರಿಗೆ ನೊಬೆಲ್ ಬಂತು. ಅದನ್ನು ಹಂಚಿಕೊಂಡ ವಿಲಿಯಂ ಫೌಲರ್, ನಕ್ಷತ್ರಗಳೊಳಗೆ ಧಾತುಗಳು ಹೇಗೆ ಹುಟ್ಟುತ್ತವೆ ಅನ್ನುವುದನ್ನು ಬಿಡಿಸಿದವರಲ್ಲಿ ಒಬ್ಬರು.

ಮಿತಿ ದಾಟಿದ ಮೇಲೆ ಒಂದು ಸೆಕೆಂಡ್ ಕೂಡ ಬೇಕಿಲ್ಲ. ಎಲೆಕ್ಟ್ರಾನುಗಳು ಪ್ರೋಟಾನುಗಳೊಳಗೆ ಅಡಕವಾಗಿ ನ್ಯೂಟ್ರಾನುಗಳಾಗುತ್ತವೆ, ಒಂದೊಂದಕ್ಕೂ ಒಂದು ನ್ಯೂಟ್ರಿನೊ ಹೊರಬೀಳುತ್ತದೆ. ತಿರುಳು ಸೆಕೆಂಡಿಗೆ ಹತ್ತಾರು ಸಾವಿರ ಕಿಲೋಮೀಟರ್ ವೇಗದಲ್ಲಿ ಒಳಗೆ ಬೀಳುತ್ತದೆ. ಕೊನೆಗೆ ಉಳಿಯುವ ನ್ಯೂಟ್ರಾನ್ ಉಂಡೆಯ ಅಗಲ ಇಪ್ಪತ್ತು ಕಿಲೋಮೀಟರಿನ ಆಸುಪಾಸು. ಮೈಸೂರಿನಿಂದ ಹೊರಟು ಶ್ರೀರಂಗಪಟ್ಟಣ ದಾಟಿ ಸ್ವಲ್ಪ ಮುಂದೆ ಹೋದಷ್ಟು ದೂರದೊಳಗೆ ಒಂದು ಸೂರ್ಯನಿಗಿಂತ ಹೆಚ್ಚು ತೂಕ.

ನ್ಯೂಟ್ರಾನುಗಳು ಇನ್ನು ಒತ್ತಲು ಬಿಡದಾಗ ಮೇಲಿನಿಂದ ಬೀಳುವ ವಸ್ತು ಬಡಿದು ಪುಟಿಯುತ್ತದೆ. ಆ ಪುಟಿತದ ಅಲೆ ಹೊರಕ್ಕೆ ನುಗ್ಗುತ್ತದೆ, ಸ್ವಲ್ಪದರಲ್ಲೇ ಸುಸ್ತಾಗಿ ನಿಲ್ಲುತ್ತದೆ. ಆಗ ಒಳಗಿನಿಂದ ಹೊಮ್ಮುವ ನ್ಯೂಟ್ರಿನೊಗಳಲ್ಲಿ ಒಂದು ಚೂರು ಪಾಲು ತಡೆದು ನಿಂತು ಆ ಅಲೆಗೆ ಮತ್ತೆ ಬಿಸಿ ತುಂಬುತ್ತದೆ ಅನ್ನುವುದು ಈಗಿನ ತಿಳಿವಳಿಕೆ. ಅಲೆ ಹೊರಪದರಗಳನ್ನೆಲ್ಲ ಕಿತ್ತು ಎಸೆಯುತ್ತದೆ. ಇದೇ ಸೂಪರ್‌ನೋವಾ. ಒಟ್ಟು ಶಕ್ತಿಯಲ್ಲಿ ಶೇಕಡ 99ರಷ್ಟು ನ್ಯೂಟ್ರಿನೊಗಳಾಗಿಯೇ ಹೋಗುತ್ತದೆ. ಕಣ್ಣಿಗೆ ಕಾಣುವ ಆ ಅಬ್ಬರದ ಬೆಳಕು ಶೇಕಡ ಒಂದಕ್ಕೂ ಎಷ್ಟೋ ಕಡಿಮೆ.

ಇದು ಬರೀ ಕಾಗದದ ಲೆಕ್ಕ ಅಲ್ಲ ಅಂತ 1987ರ ಫೆಬ್ರವರಿ 23ರಂದು ಗೊತ್ತಾಯಿತು. ಸುಮಾರು 1,68,000 ಜ್ಯೋತಿರ್ವರ್ಷ (ಬೆಳಕು ಒಂದು ವರ್ಷದಲ್ಲಿ ಸಾಗುವ ದೂರವೇ ಒಂದು ಜ್ಯೋತಿರ್ವರ್ಷ) ದೂರದ ಪಕ್ಕದ ಗೆಲಾಕ್ಸಿಯಲ್ಲಿ ಒಂದು ನಕ್ಷತ್ರ ಸಿಡಿಯಿತು. ಬೆಳಕು ಕಾಣಿಸುವ ಕೆಲವು ಗಂಟೆ ಮೊದಲೇ ಜಪಾನಿನ ಕಮಿಯೋಕಾ ಗಣಿ, ಅಮೆರಿಕದ ಒಂದು ಉಪ್ಪಿನ ಗಣಿ ಮತ್ತು ಆಗಿನ ಸೋವಿಯತ್ ಒಕ್ಕೂಟದ ಬಕ್ಸಾನ್, ಈ ಮೂರೂ ಕಡೆ ನೆಲದಡಿಯ ಉಪಕರಣಗಳಲ್ಲಿ ಒಟ್ಟು ಎರಡು ಡಜನ್‌ನಷ್ಟು ನ್ಯೂಟ್ರಿನೊಗಳು ಸಿಕ್ಕವು. ಗಣಿಯಲ್ಲಿ ನ್ಯೂಟ್ರಿನೊ ಹಿಡಿಯುವ ಕೆಲಸಕ್ಕೆ ನಮ್ಮ ನಾಡಿನಲ್ಲೂ ಹಳೇ ಬೇರಿದೆ. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳನ್ನು 1965ರಲ್ಲಿ ಮೊದಲು ಗುರುತಿಸಿದ ಜಾಗಗಳಲ್ಲಿ ಕೋಲಾರದ ಚಿನ್ನದ ಗಣಿ ಒಂದು. ನಮ್ಮ ಮಕ್ಕಳ ಪಾಠದಲ್ಲಿ ಇದು ಇರಲೇಬೇಕು ಅಂತ ನನಗೆ ಅನ್ನಿಸುತ್ತದೆ.

ಹಾಗಾದರೆ ದಿನ ಯಾಕೆ ಹೇಳೋಕಾಗಲ್ಲ?

ಈಗ ಎರಡು ತುದಿಯನ್ನೂ ಸೇರಿಸಿ ನೋಡಿ. ತಿರುಳು ತನ್ನ ಪಾಡಿಗೆ ಕುಗ್ಗುತ್ತಾ ಒಂದು ಇಂಧನದಿಂದ ಇನ್ನೊಂದಕ್ಕೆ ದಾಟುತ್ತಿದೆ. ಹೊರಮೈ ನೂರು ಕೋಟಿ ಕಿಲೋಮೀಟರ್ ಅಗಲಕ್ಕೆ ಊದಿಕೊಂಡಿದೆ. ಒಳಗೆ ಶಕ್ತಿಯ ಹರಿವು ಬದಲಾದರೆ ಹೊರಮೈ ಅದಕ್ಕೆ ಹೊಂದಿಕೊಳ್ಳಲು ನೂರು ವರ್ಷದ ಲೆಕ್ಕದಲ್ಲಿ ಕಾಲ ಬೇಕು. ನಿಯಾನ್, ಆಮ್ಲಜನಕ, ಸಿಲಿಕಾನ್ ಮೂರೂ ಸೇರಿದರೆ ಒಂದೆರಡು ವರ್ಷದಲ್ಲೇ ಮುಗಿದುಹೋಗುತ್ತವೆ. ಒಳಗಿನ ಸುದ್ದಿ ಹೊರಮೈಗೆ ಮುಟ್ಟುವ ಮೊದಲೇ ಕಥೆ ಮುಗಿದಿರುತ್ತದೆ. ನಾವು ನೋಡುವುದು ಹೊರಮೈಯನ್ನು. ಒಳಗೆ ಹೀಲಿಯಂ ಉರಿಯುತ್ತಿದೆಯೋ ಕಾರ್ಬನ್ ಉರಿಯುತ್ತಿದೆಯೋ ಅದರ ಮುಖ ನೋಡಿ ಹೇಳುವುದು ಬಹಳ ಕಷ್ಟ.

2023ರಲ್ಲಿ ಒಂದು ತಂಡ ಆರಿದ್ರಾದ ಹೊಳಪಿನ ಏರಿಳಿತಗಳನ್ನು ಹೊಂದಿಸಿ ನೋಡಿ, ಕಾರ್ಬನ್ ಮುಗಿಯುವ ಹಂತದಲ್ಲಿರಬಹುದು, ಕೆಲವು ದಶಕಗಳಲ್ಲಿ ಸಿಡಿಯಬಹುದು ಅಂತ ಬರೆಯಿತು. ವಾಟ್ಸಾಪಿನಲ್ಲಿ ಈಗಲೂ ಓಡಾಡುವುದು ಹೆಚ್ಚಾಗಿ ಇದೇ. ಆ ಲೆಕ್ಕ ಸರಿಯಾಗಬೇಕಾದರೆ ನಕ್ಷತ್ರ ಈಗ ಅಳೆದಿರುವುದಕ್ಕಿಂತ ಬಹಳ ದೊಡ್ಡದಿರಬೇಕು, ಅದು ಹೊಂದುವುದಿಲ್ಲ ಅಂತ ಬೇರೆಯವರು ಕೂಡಲೇ ತೋರಿಸಿದರು. ಹೆಚ್ಚಿನವರು ಒಪ್ಪುವ ಮಾತು ಇಷ್ಟು: ತಿರುಳಿನಲ್ಲಿ ಇನ್ನೂ ಹೀಲಿಯಂ ಉರಿಯುತ್ತಿದೆ, ಸಿಡಿಯಲು ಒಂದು ಲಕ್ಷ ವರ್ಷದ ಆಸುಪಾಸು ಇದೆ.

"ಆಗಲೇ ಸಿಡಿದು ಹೋಗಿದ್ದರೆ?" ಅಂತಲೂ ಕೇಳುತ್ತಾರೆ. ಒಂದು ಜ್ಯೋತಿರ್ವರ್ಷ ಅಂದರೆ ಸುಮಾರು 9.46 ಲಕ್ಷ ಕೋಟಿ ಕಿಲೋಮೀಟರ್. ಆರಿದ್ರಾ 550ರಿಂದ 700 ಜ್ಯೋತಿರ್ವರ್ಷ ದೂರ. ಇವತ್ತು ನಾವು ನೋಡುವ ಬೆಳಕು ಅಲ್ಲಿಂದ ಹೊರಟದ್ದು ಹೆಚ್ಚೂಕಡಿಮೆ ವಿಜಯನಗರದ ಅರಸರ ಕಾಲದಲ್ಲಿ. ಈ ನಡುವೆ ಸಿಡಿದಿದ್ದರೆ ನಮಗೆ ಗೊತ್ತಾಗಲು ದಾರಿ ಇಲ್ಲ. ಆದರೆ ಲಕ್ಷ ವರ್ಷದ ಬಾಕಿಯಲ್ಲಿ ಆರೇಳು ನೂರು ವರ್ಷ ಬಹಳ ಚಿಕ್ಕ ತುಂಡು. ಆರಿದ್ರಾ ಇನ್ನೂ ಇದೆ ಅಂತಲೇ ನಂಬಬಹುದು.

ಇನ್ನೂ ಬಿಡಿಸದ ಒಂದು ಗಂಟು

ಬೇರೆ ಗೆಲಾಕ್ಸಿಗಳಲ್ಲಿ ನಕ್ಷತ್ರ ಸಿಡಿದಾಗ ಖಗೋಳ ವಿಜ್ಞಾನಿಗಳು ಆ ಜಾಗದ ಹಳೇ ಚಿತ್ರಗಳನ್ನು ಹುಡುಕುತ್ತಾರೆ, ಸಿಡಿಯುವ ಮೊದಲು ಅಲ್ಲಿ ಏನಿತ್ತು ಅಂತ. ಎಷ್ಟೋ ಸಲ ಕೆಂಪು ಮಹಾದೈತ್ಯವೇ ಸಿಕ್ಕಿದೆ. 2023ರ ಮೇ ತಿಂಗಳಲ್ಲಿ ಸುಮಾರು 2.1 ಕೋಟಿ ಜ್ಯೋತಿರ್ವರ್ಷ ದೂರದ ಗೆಲಾಕ್ಸಿಯೊಂದರಲ್ಲಿ ಸಿಡಿದದ್ದೂ ದೂಳು ಹೊದ್ದಿದ್ದ ಕೆಂಪು ಮಹಾದೈತ್ಯವೇ. ಜಪಾನಿನ ಹವ್ಯಾಸಿ ಕೊಯಿಚಿ ಇಟಗಾಕಿ ಅದನ್ನು ಮೊದಲು ಕಂಡರು.

ಗಂಟು ಇರುವುದು ಇಲ್ಲಿ. ಹೀಗೆ ಹಳೇ ಚಿತ್ರಗಳಲ್ಲಿ ಸಿಕ್ಕವು ಹೆಚ್ಚೂಕಡಿಮೆ ಎಲ್ಲವೂ ಸೂರ್ಯನ 8ರಿಂದ 17 ಪಟ್ಟು ತೂಕದವು. ಆಕಾಶದಲ್ಲಿ 25 ಪಟ್ಟಿನವರೆಗೂ ಕೆಂಪು ಮಹಾದೈತ್ಯಗಳು ಕಾಣುತ್ತವೆ. ದೊಡ್ಡವು ಎಲ್ಲಿ ಹೋದವು? ಕೆಲವರು ಹೇಳುವುದು: ಅವು ಸಿಡಿಯದೆ ಸದ್ದಿಲ್ಲದೆ ಕುಸಿದು, ಬೆಳಕೂ ಹೊರಬರಲಾಗದ ಕಪ್ಪು ಕುಳಿಗಳಾಗಿಬಿಡುತ್ತವೆ. ಇನ್ನು ಕೆಲವರ ಪ್ರಕಾರ ಅವೂ ಸಿಡಿಯುತ್ತವೆ, ಆದರೆ ದಟ್ಟ ದೂಳು ಮುಚ್ಚಿರುವುದರಿಂದ ಹಳೇ ಚಿತ್ರಗಳಲ್ಲಿ ಮಂಕಾಗಿ ಕಂಡು, ತೂಕದ ಅಂದಾಜೇ ಕಡಿಮೆಯಾಗುತ್ತಿದೆ. ಅತಿಕೆಂಪು ಬೆಳಕಿನಲ್ಲಿ ನೋಡುವ ಜೇಮ್ಸ್ ವೆಬ್ ದೂರದರ್ಶಕಕ್ಕೆ ದೂಳಿನ ಆಚೆಗೂ ಕಾಣುತ್ತದೆ. ಹಾಗಾಗಿ ಈ ಜಗಳ ಮುಂದಿನ ವರ್ಷಗಳಲ್ಲಿ ತೀರಬಹುದು. ಈ ಇಡೀ ವಿಷಯದಲ್ಲಿ ನನಗೆ ಅತಿ ಕುತೂಹಲದ ಭಾಗ ಇದೇ.

ಸಿಡಿದರೆ ನಮಗೇನು?

ಅಪಾಯ ಇಲ್ಲ. ಸೂಪರ್‌ನೋವಾದಿಂದ ಭೂಮಿಗೆ ಪೆಟ್ಟಾಗಬೇಕಾದರೆ ಅದು ಹತ್ತಾರು ಜ್ಯೋತಿರ್ವರ್ಷಗಳ ಒಳಗಿರಬೇಕು. ಎರಡನೇ ಸೂರ್ಯನೂ ಆಗುವುದಿಲ್ಲ. ಹೊಳಪು ಅರ್ಧ ಚಂದ್ರನಿಂದ ಹುಣ್ಣಿಮೆ ಚಂದ್ರನ ನಡುವೆ ಇರಬಹುದು, ಅದೂ ಒಂದೇ ಚುಕ್ಕಿಯಲ್ಲಿ. ಹಗಲಿನಲ್ಲೂ ಕಾಣುತ್ತದೆ. ತಿಂಗಳುಗಟ್ಟಲೆ ಹಾಗಿದ್ದು ನಿಧಾನಕ್ಕೆ ಆರುತ್ತದೆ. ಜೂನ್‌ನಲ್ಲಿ ಸಿಡಿದರೆ ಆರಿದ್ರಾ ಮಳೆಯ ಮೋಡದ ಸಂದಿಯಲ್ಲಿ ಸೂರ್ಯನ ಹತ್ತಿರ ಹುಡುಕಬೇಕಾಗುತ್ತದೆ. 1054ರಲ್ಲಿ ವೃಷಭ ರಾಶಿಯಲ್ಲಿ ಸಿಡಿದ ನಕ್ಷತ್ರವನ್ನು ಚೀನಾದವರು 23 ದಿನ ಹಗಲಿನಲ್ಲೇ ನೋಡಿ ಬರೆದಿಟ್ಟಿದ್ದಾರೆ. ಅದು ಸುಮಾರು 6,500 ಜ್ಯೋತಿರ್ವರ್ಷ ದೂರದ್ದು. ಆರಿದ್ರಾ ಅದರ ಹೆಚ್ಚೂಕಡಿಮೆ ಹತ್ತರಲ್ಲಿ ಒಂದು ಪಾಲು ದೂರದಲ್ಲಿದೆ.

ಇಂಥ ಸಿಡಿತಗಳಿಂದ ನಮಗೆ ಬಂದದ್ದೂ ಇದೆ. ಜಗತ್ತಿನಲ್ಲಿರುವ ಆಮ್ಲಜನಕದ ಬಹುಪಾಲು ತಯಾರಾದದ್ದು ಭಾರೀ ನಕ್ಷತ್ರಗಳ ಒಳಗೆ, ಹೊರಗೆ ಹರಡಿದ್ದು ಅವು ಸಿಡಿದಾಗ. ಕೆ.ಆರ್.ಎಸ್. ಕಟ್ಟೆಯಲ್ಲಿ ನಿಂತಿರುವ ನೀರಿನ ತೂಕದಲ್ಲಿ ಒಂಬತ್ತರಲ್ಲಿ ಎಂಟು ಪಾಲು ಆಮ್ಲಜನಕವೇ.

ಮೊದಲ ಸುದ್ದಿ ಯಾರಿಗೆ?

ಆರಿದ್ರಾದ ಒಳಗಿನ ಸುದ್ದಿಯನ್ನು ಹೊತ್ತು ನೇರ ಹೊರಬರುವುದು ನ್ಯೂಟ್ರಿನೊ ಮಾತ್ರ ಅಂತ ಆಗಲೇ ನೋಡಿದೆವು. ತಿರುಳು ಕುಸಿದ ಮೇಲೆ ಆಘಾತದ ಅಲೆ ಅಷ್ಟು ದೊಡ್ಡ ಮೈಯನ್ನು ದಾಟಿ ಮೇಲೆ ಬರಲು ಹಲವು ಗಂಟೆಗಳಿಂದ ಒಂದು ದಿನದವರೆಗೂ ಬೇಕಾಗಬಹುದು. ಅಲ್ಲಿಯವರೆಗೆ ಹೊರಗಿನಿಂದ ಎಲ್ಲವೂ ಮಾಮೂಲಿ. ನ್ಯೂಟ್ರಿನೊಗಳು ಮಾತ್ರ ಹೊರಟಾಗಿರುತ್ತವೆ. ಜಗತ್ತಿನ ನ್ಯೂಟ್ರಿನೊ ಪ್ರಯೋಗಾಲಯಗಳು ಸೇರಿ ಇದಕ್ಕೆಂದೇ ಒಂದು ಮುನ್ನೆಚ್ಚರಿಕೆ ಜಾಲ ಕಟ್ಟಿಕೊಂಡಿವೆ. ಹಲವು ಕಡೆ ಒಂದೇ ಹೊತ್ತಿಗೆ ನ್ಯೂಟ್ರಿನೊಗಳು ಬಿದ್ದರೆ ಕೂಡಲೇ ಖಗೋಳ ವಿಜ್ಞಾನಿಗಳಿಗೂ ಹವ್ಯಾಸಿಗಳಿಗೂ ಸುದ್ದಿ ಹೋಗುತ್ತದೆ. ಹಾಗಾಗಿ "ಇನ್ನು ಹತ್ತು ವರ್ಷದಲ್ಲಿ" ಅನ್ನುವ ಸಂದೇಶ ಬಂದರೆ ನಂಬಬೇಡಿ. "ಇವತ್ತು ರಾತ್ರಿ" ಅಂತ ಹಲವು ವೀಕ್ಷಣಾಲಯಗಳು ಒಟ್ಟಿಗೆ ಹೇಳಿದರೆ ಮಾತ್ರ ಮಹಡಿ ಹತ್ತಿ.

ಅದರ ನಡುವೆ ಹೊರಮೈಯ ಏರಿಳಿತವನ್ನು ನೀವೇ ಗಮನಿಸಬಹುದು, ಉಪಕರಣ ಏನೂ ಬೇಡ. ಆರಿದ್ರಾದ ಪೂರ್ವಕ್ಕೆ ಪ್ರೋಸಿಯಾನ್ ಅನ್ನುವ ಬಿಳಿ ನಕ್ಷತ್ರ ಇದೆ, ಪಶ್ಚಿಮಕ್ಕೆ ರೋಹಿಣಿ. ಸಾಮಾನ್ಯವಾಗಿ ಆರಿದ್ರಾದ ಹೊಳಪು ಇವೆರಡರ ನಡುವೆ ಇರುತ್ತದೆ, ಪ್ರೋಸಿಯಾನ್‌ಗಿಂತ ಸ್ವಲ್ಪ ಕಮ್ಮಿ, ರೋಹಿಣಿಗಿಂತ ಸ್ವಲ್ಪ ಜಾಸ್ತಿ. ಮೂರೂ ಚೆನ್ನಾಗಿ ಮೇಲೆ ಬಂದಿರುವ ಹೊತ್ತಿನಲ್ಲಿ ಹೋಲಿಸಿ, ವಾರಕ್ಕೊಮ್ಮೆ ತಾರೀಕು ಹಾಕಿ ಬರೆದಿಡಿ. ಕೆಂಪು ನಕ್ಷತ್ರವನ್ನೇ ದಿಟ್ಟಿಸಿ ನೋಡುತ್ತಾ ಇದ್ದರೆ ಕಣ್ಣಿಗೆ ಅದು ಇರುವುದಕ್ಕಿಂತ ಹೆಚ್ಚು ಹೊಳಪಾಗಿ ಕಾಣುತ್ತದೆ. ಅದಕ್ಕೇ ಬೇಗ ಬೇಗ ಒಂದರಿಂದ ಇನ್ನೊಂದಕ್ಕೆ ಕಣ್ಣು ಹೊರಳಿಸಬೇಕು. 2019ರ ಚಳಿಗಾಲದಲ್ಲಿ ಆರಿದ್ರಾ ರೋಹಿಣಿಗಿಂತ ಮಂಕಾದದ್ದನ್ನು ಎಷ್ಟೋ ಹವ್ಯಾಸಿಗಳು ಹೀಗೆ ಬರಿಗಣ್ಣಿನಲ್ಲೇ ಹೋಲಿಸಿ ದಾಖಲಿಸಿದರು.